ಫೈಲಿನ ಅಳತೆ ಕಾಯುತ್ತಿದ್ದ ಗುರುಸಿದ್ದಯ್ಯ

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಗುರುಸಿದ್ದಯ್ಯನವರು ಅದರೊಳಗಿನ ಒಂದೊಂದು ಫೈಲೂ ಎಷ್ಟು ದೊಡ್ಡದಿದೆ ಎಂದು ನೋಡಿ ಡೈರಿಯಲ್ಲಿ ಬರೆದಿಡುತ್ತಿದ್ದರು. ಬರೆದು ಮುಗಿಸುವ ತನಕ ಟೀ ಮುಟ್ಟುತ್ತಿರಲಿಲ್ಲ. ಭಾನುವಾರವೂ ಸೈಕಲ್ ತುಳಿದು ಬಂದು ಬರೆದು ಹೋಗುತ್ತಿದ್ದರು.

ಇದು ೧೯೮೭ರ ಮಾತು. ಬಸವೇಶ್ವರನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ರಕ್ತ ಕೊಡುವವರ ಹೆಸರು, ಗುಂಪು, ವಿಳಾಸ ಟೈಪು ಮಾಡುತ್ತಿದ್ದೆ; ಅವರಿಗೆ ಕಾಗದ ಕಳಿಸಲು ವಿಳಾಸದ ಲೇಬಲ್ ಪ್ರಿಂಟ್ ತೆಗೆಯುತ್ತಿದ್ದೆ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಗುರುಸಿದ್ದಯ್ಯ. ದಾವಣಗೆರೆ ಕಡೆಯವರು. ರೇಡಿಯೊ ರಿಪೇರಿಯಿಂದ ಶುರುಮಾಡಿ, ಪುಸ್ತಕ ಓದಿಯೇ ಪ್ರೋಗ್ರಾಂ ಬರೆಯಲು ಕಲಿತಿದ್ದರು.

ಒಂದು ಮಧ್ಯಾಹ್ನ ನೋಡಿದರೆ ಪಟ್ಟಿಯಲ್ಲಿದ್ದ ಎಂಟುನೂರು ಹೆಸರು ಇನ್ನೂರಾಗಿತ್ತು. ಹಿಂದಿನ ವಾರದ ನಕಲು ಫ್ಲಾಪಿಯಲ್ಲಿತ್ತು. ಉಳಿದದ್ದನ್ನು ಮತ್ತೆ ಟೈಪು ಮಾಡಿದೆ. ಹತ್ತು ದಿನಕ್ಕೆ ಪುನಃ ಹಾಗೇ ಆಯಿತು. ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರ್ ಬಸವಲಿಂಗಪ್ಪನವರು ನಾನೇ ಯಾವುದೋ ಕೀ ಒತ್ತಿದ್ದೇನೆ ಎಂದರು. ಇನ್ನೊಂದು ಸಲ ಹೀಗಾದರೆ ಹಳೆಯ ರಿಜಿಸ್ಟರೇ ಸಾಕು, ನೀವು ಬರುವುದೂ ಬೇಡ ಎಂದರು. ನಮ್ಮ ಮನೆ ನಡೆಯುತ್ತಿದ್ದದ್ದು ಆ ಸಂಬಳದಿಂದ.

ಗುರುಸಿದ್ದಯ್ಯನವರು ಡೈರಿ ತಂದು ಡಾಕ್ಟರ ಮುಂದೆ ತೆರೆದಿಟ್ಟರು.

"ಬೆಳಿಗ್ಗೆ ಇಷ್ಟಿತ್ತು ಸಾರ್. ಆಮೇಲೆ ಇವ್ರು ಟೈಪೇ ಮಾಡಿಲ್ಲ, ಲೇಬಲ್ ಪ್ರಿಂಟ್ ತೆಗೆದಿದ್ದಷ್ಟೇ. ಹೋದ್ಸಲಾನೂ ಅಷ್ಟೇ. ಇವ್ರ ತಲೆಗೆ ಕಟ್ಬೇಡಿ."

ಅಂದಿನಿಂದ ಅವರು ಒಂದು ಪುಟ್ಟ ಪ್ರೋಗ್ರಾಂ ಬರೆಯಲು ಕೂತರು. ಬೇರೆ ಪ್ರೋಗ್ರಾಂಗಳಿಗೂ ಡಿಸ್ಕಿಗೂ ನಡುವೆ ಅದು ಕಾವಲಿರಬೇಕು. ಫೈಲಿನ ಅಳತೆ ಬದಲಾದರೆ ಬೀಪ್ ಎನ್ನಬೇಕು. ಪಟ್ಟಿಯ ನಕಲಿನಿಂದ ಲೇಬಲ್ ತೆಗೆದು ಪರೀಕ್ಷೆ ಮಾಡಿದೆವು. ಬೀಪ್ ಏನೋ ಆಯಿತು, ಅಷ್ಟರಲ್ಲಿ ಹೆಸರುಗಳು ಹೋಗಿದ್ದವು.

"ಕಳ್ಳ ಹೋದ್ಮೇಲೆ ಬೊಗಳೋ ನಾಯಿ ಸಾಕಿದೀನಿ ನೋಡಮ್ಮ" ಎಂದು ನಕ್ಕರು.

ಆಗಿದ್ದನ್ನು ಹೇಳುವ ಬದಲು ಆಗುವ ಮುಂಚೆಯೇ ತಡೆದು ಕೇಳುವ ಹಾಗೆ ತಿದ್ದಿದರು. ಆದರೂ ನಕಲಿನಿಂದ ಹೆಸರುಗಳು ಹೋದವು. ಮೂರು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಲೇಬಲ್ ಪ್ರೋಗ್ರಾಂ ತನಗೆ ಬೇಕಾದ ಹೆಸರು ಸಿಗದಿದ್ದಾಗ "ಸೊನ್ನೆ ಅಕ್ಷರ ಬರೆ" ಎಂದು ಡಿಸ್ಕಿಗೆ ಹೇಳುತ್ತಿತ್ತು. ಆ ಯಂತ್ರದಲ್ಲಿ ಹಾಗೆಂದರೆ ಫೈಲನ್ನು ಅಲ್ಲಿಗೇ ಕತ್ತರಿಸು ಎಂದರ್ಥ. ಏನೂ ಬರೆಯದವನನ್ನು ಯಾಕೆ ತಡೆಯಬೇಕೆಂದು ಇವರ ಕಾವಲೂ ಅದನ್ನು ಬಿಟ್ಟುಬಿಡುತ್ತಿತ್ತು.

ಅದನ್ನೂ ಸರಿಮಾಡಿ ಡಾಕ್ಟರನ್ನು ಕರೆದರು. ಅವರೆದುರೇ ಲೇಬಲ್ ತೆಗೆಯಲು ಹೋದಾಗ ಅದು ಅರ್ಧಕ್ಕೆ ನಿಂತಿತು. ಈಗಿನ ಅಳತೆ, ಆಗಲಿರುವ ಅಳತೆ ಎರಡನ್ನೂ ತೋರಿಸಿ, ಬಿಡಲೇ ಬೇಡವೇ ಎಂದು ಪರದೆ ಕೇಳಿತು. ನಾನು ಬೇಡ ಎಂದು ಒತ್ತಿದೆ. ಎಂಟುನೂರು ಹೆಸರೂ ಇದ್ದವು. ಡಾಕ್ಟರು ನನ್ನ ಕಡೆ ತಿರುಗಿ, ತಪ್ಪು ತಿಳಿದಿದ್ದೆ ಎಂದರು.

ಆಮೇಲೆ ಹದಿನೆಂಟು ವರ್ಷ ನಾನು ಅಲ್ಲೇ ದುಡಿದೆ. ಸಂಜೆ ದೀಪ ಹಚ್ಚುವಾಗ ಇವತ್ತಿಗೂ ಗುರುಸಿದ್ದಯ್ಯನವರನ್ನು ನೆನೆಯುತ್ತೇನೆ.

ಹೆಸರುಗಳು ಉಳಿದ ಆ ದಿನ, ಗುರುಸಿದ್ದಯ್ಯನವರಿಗೂ ಏನಾದರೂ ಮಾಡಬೇಕೆಂದು ಡಾಕ್ಟರಿಗೆ ಅನ್ನಿಸಿತು. ಗುರುಸಿದ್ದಯ್ಯನವರ ಮನೆಯವರು ಗ್ಯಾಸ್ ಕನೆಕ್ಷನ್ನಿಗೆ ಹೆಸರು ಬರೆಸಿ, ಸರದಿ ಬಾರದೆ ಮೂರು ವರ್ಷವಾಗಿತ್ತು. ಗೊತ್ತಿರುವವರಿಗೆ ಹೇಳಿ ಈ ವಾರವೇ ಕೊಡಿಸುತ್ತೇನೆ ಎಂದರು ಡಾಕ್ಟರು.

ಗುರುಸಿದ್ದಯ್ಯನವರು ಕೈಮುಗಿದರು. "ಬೇಡಿ ಸಾರ್. ನಮಗಿಂತ ಮುಂಚೆ ಬರೆಸಿದೋರು ಕಾಯ್ತಾ ಇದಾರೆ. ಅವ್ರನ್ನ ಯಾರು ಕೇಳ್ತಾರೆ?"