ಗಣಿಯ ಗೇಟಿನಲ್ಲಿ ನಿಂತ ಅಕ್ಕ

ಕಳೆದ ತಿಂಗಳು ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಅಂಗಡಿಯವನು ಬಿಳಿಯ ಲಾಂಗ್‌ಕ್ಲಾತಿನ ಥಾನೊಂದನ್ನು ನನ್ನ ಮುಂದೆ ಬಿಚ್ಚಿ ಹರಡಿದ. ಹೊಸ ಬಟ್ಟೆಯ ಗಂಜಿ ವಾಸನೆ ಮುಖಕ್ಕೆ ಬಡಿಯಿತು. ಅವನು ಎಷ್ಟು ಮೀಟರ್ ಎಂದು ಎರಡು ಸಲ ಕೇಳಿದ. ಆ ವಾಸನೆಯ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಗಣಿಯ ಗೇಟಿನ ಮುಂದೆ ದಿನಗಟ್ಟಲೆ ಕಾದ ಅಕ್ಕ ಕಣ್ಣ ಮುಂದೆ ಬಂದಿದ್ದಳು...

ಆಗ ನಾವು ಯಶವಂತನಗರದಲ್ಲಿದ್ದೆವು. ಗಣಿ ಕೆಲಸದವರ ಸಾಲುಮನೆಗಳು. ಪಕ್ಕದ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ; ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ಒಬ್ಬ ಸಣ್ಣ ಗುತ್ತಿಗೆದಾರನ ಹತ್ತಿರ ಟೈಮ್‌ಕೀಪರ್ ಆಗಿದ್ದ. ಬೆಳಿಗ್ಗೆ ಗಣಿಗೆ ಇಳಿಯುವವರ ಹೆಸರು ಹಾಜರಿ ಪುಸ್ತಕದಲ್ಲಿ ಬರೆಯುವುದು, ಸಂಜೆ ಮೇಲೆ ಬಂದವರಿಗೆ ಗುರುತು ಹಾಕುವುದು ಅವನ ಕೆಲಸ. ಅಕ್ಕನ ಗಂಡ ಅದೇ ಗಣಿಯಲ್ಲಿ ಮಣ್ಣೆತ್ತುವ ಯಂತ್ರ ನಡೆಸುತ್ತಿದ್ದ. ಮಕ್ಕಳಿರಲಿಲ್ಲ. ಕಂಪ್ಲಿ ಕಡೆಯವರು, ಅವಳ ತಾಯಿಯ ಕಾಲದಿಂದಲೂ ಯೇಸುವನ್ನು ನಂಬಿದವರು. ಭಾನುವಾರ ಇಬ್ಬರೂ ತಗಡಿನ ಪ್ರಾರ್ಥನಾ ಮಂದಿರಕ್ಕೆ ನಡೆದುಹೋಗುತ್ತಿದ್ದರು. ನಮ್ಮದು ವಿಭೂತಿ ಹಚ್ಚುವ ಮನೆ. ಅವ್ವ ಅಕ್ಕನ ಜೊತೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು, ಆದರೆ ಅವಳ ಮನೆಯ ನೀರು ಕುಡಿಯುತ್ತಿರಲಿಲ್ಲ. ಅಕ್ಕನಿಗೆ ಅದು ಗೊತ್ತಿತ್ತು. ಕುಡಿಯಿರಿ ಎಂದು ಅವಳೆಂದೂ ಕೇಳಿ ಅವ್ವನನ್ನು ಇಕ್ಕಟ್ಟಿಗೆ ಸಿಕ್ಕಿಸಲಿಲ್ಲ.

ಅವಳು ಮಹಾ ಪುಕ್ಕಲಿ. ಗುಡುಗಿದರೆ ನಮ್ಮ ಮನೆಗೆ ಓಡಿ ಬರುತ್ತಿದ್ದಳು. ಲಾರಿ ಹಾರ್ನ್ ಹೊಡೆದರೆ ರಸ್ತೆ ಬಿಟ್ಟು ಮುಳ್ಳಿನಲ್ಲಿ ನಿಲ್ಲುತ್ತಿದ್ದಳು. ಗಂಡ ನಗುತ್ತಿದ್ದ: “ಇಷ್ಟು ಹೆದರ್ತೀಯಲ್ಲ, ನಿನ್ನ ದೇವರು ಏನ್ ಮಾಡಾಕತ್ಯಾನ?” ಅವಳೂ ನಗುತ್ತಿದ್ದಳು.

ಮಳೆಗಾಲದ ಒಂದು ದಿನ ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಗಣಿಯ ಅಂಚಿಗೆ ಸುರಿದಿದ್ದ ಮಣ್ಣಿನ ಗುಡ್ಡೆ ಕುಸಿದು ಒಳಗೆ ಜಾರಿತು. ಕೆಳಗೆ ಯಂತ್ರವಿತ್ತು. ಅದರಲ್ಲಿ ಅವನಿದ್ದ.

ಆ ಜಾಗದಲ್ಲಿ ಅಗೆಯಲು ಅನುಮತಿಯೇ ಇರಲಿಲ್ಲವಂತೆ. ಸುದ್ದಿ ಹೊರಗೆ ಹೋದರೆ ಗಣಿ ಮುಚ್ಚುತ್ತದೆ. ಗುತ್ತಿಗೆದಾರ ಅಲ್ಲಿ ಕೆಲಸದಲ್ಲಿದ್ದ ಬೇರೆ ಊರಿನ ಕೂಲಿಗಳನ್ನು ಮಧ್ಯಾಹ್ನವೇ ಲಾರಿ ಹತ್ತಿಸಿ ಕಳಿಸಿದ. ಯಂತ್ರ ರಿಪೇರಿಗೆ ಹೋಗಿದೆ, ಡ್ರೈವರ್ ರಜೆ ಹಾಕಿ ಊರಿಗೆ ಹೋಗಿದ್ದಾನೆ ಎಂದು ಹೇಳಿಸಿದ. ಅಪ್ಪನನ್ನು ಕೂರಿಸಿ ಹಾಜರಿ ಪುಸ್ತಕದ ಹಾಳೆ ಹರಿಸಿ, ಆ ಹೆಸರಿಲ್ಲದ ಬೇರೆ ಹಾಳೆ ಬರೆಸಿದ. ಇದನ್ನೆಲ್ಲ ಅಪ್ಪ ಮನೆಗೆ ಬಂದು ಅವ್ವನ ಮುಂದೆ ಹೇಳಿ ತಲೆ ಹಿಡಿದು ಕುಳಿತಿದ್ದಾಗಲೇ ಬಾಗಿಲಿಗೆ ಅಕ್ಕ ಬಂದಳು. ಕೈಯಲ್ಲಿ ಗಂಡನ ಫೋನು.

“ಅಣ್ಣಾರ, ಫೋನು ಮನ್ಯಾಗ ಚಾರ್ಜಿಗೆ ಹಾಕಿ ಮರ್ತು ಹೋಗ್ಯಾನ್ರಿ. ಊರಿಗೆ ಹೋಗಾವ ಫೋನ್ ಬಿಟ್ಟು ಹೋಗ್ತಾನೇನ್ರಿ? ಇವತ್ತು ಅವನ ಹೆಸರು ಬರದೀರಿಲ್ರಿ?”

ಅಪ್ಪ ಅವಳ ಮುಖ ನೋಡಲಿಲ್ಲ. “ನನಗ ನೆನಪಿಲ್ಲಮ್ಮ” ಎಂದ.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಇಪ್ಪತ್ತೆರಡು ವರ್ಷದವಳು, ಬಿ.ಎಡ್. ಓದಿದವಳು. ನಾನೂ ಬಾಯಿ ಬಿಡಲಿಲ್ಲ.

ಗುಡ್ಡೆ ಕುಸಿದ ಸುದ್ದಿ ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವಳು ಗಣಿಯ ಗೇಟಿನ ಮುಂದೆ ಹೋಗಿ ನಿಂತಳು. ಪ್ರಾರ್ಥನಾ ಮಂದಿರದವರು ಎರಡು ದಿನ ಜೊತೆಗೆ ಬಂದರು. ಆಮೇಲೆ ಅವರಿಗೂ ಕೆಲಸದ ಚಿಂತೆ, ಗುತ್ತಿಗೆದಾರನ ಭಯ. ಅವರ ಹಿರಿಯರೊಬ್ಬರು, “ದೇವರಿಗೆ ಬಿಟ್ಟುಬಿಡವ್ವ, ಮನಿಗೆ ನಡಿ” ಎಂದರಂತೆ. “ಬಿಟ್ಟೀನ್ರಿ. ಬಿಟ್ಟೀನಿ ಅಂತನ ಇಲ್ಲಿ ನಿಂತೀನಿ” ಎಂದಳಂತೆ ಅಕ್ಕ. ಮೂರನೆಯ ದಿನ ಸಂಡೂರಿಗೆ ಹೋಗಿ ಠಾಣೆಯಲ್ಲಿ ದೂರು ಕೊಟ್ಟು, ಬರುವಾಗ ಬಿಳಿಯ ಬಟ್ಟೆ ತಂದಳು. ಗಂಡ ಬದುಕಿ ಬರುತ್ತಾನೆ ಎಂಬ ಆಸೆಯನ್ನು ಅವಳು ಅಂದೇ ಕೈಬಿಟ್ಟಿದ್ದಳು. ಹೆಣವನ್ನಾದರೂ ಕೊಡಿ ಎಂದು ಮಾತ್ರ ಕೇಳುತ್ತಿದ್ದಳು.

ಗುತ್ತಿಗೆದಾರನ ಕಡೆಯವರು ಬೈದರು. ಒಬ್ಬ ಜೀಪನ್ನು ಅವಳ ಕಾಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದ. ಅವಳು ಕಣ್ಣು ಮುಚ್ಚಿಕೊಂಡಳು, ಸರಿಯಲಿಲ್ಲ. ಅವ್ವನ ಕಣ್ಣು ತಪ್ಪಿಸಿ ನಾನು ಚಹಾ ಒಯ್ದು ಕೊಟ್ಟಾಗ ಕೇಳಿದೆ, “ಹೆದರಿಕಿ ಆಗಂಗಿಲ್ಲೇನಕ್ಕ?”

“ಭಾಳ ಆಗತೈತವ್ವ. ಮುಂಜಾನೆ ಯೇಸಪ್ಪಗ ಹೇಳ್ತೀನಿ, ಈ ಹೆದರಿಕಿ ಸಂಜಿತನ ನೀ ಹಿಡ್ಕೊಂಡಿರು, ನನಗ ನಿಂದ್ರೋದೈತಿ ಅಂತ. ಸಂಜೀಕ ಮನಿಗೆ ಬಂದ್ ಮ್ಯಾಲೆ ಎಲ್ಲಾ ವಾಪಸ್ ಬರತೈತಿ.”

ಗೋಡೆಯ ಈಚೆಯಿಂದ ನಮಗೆ ಅದು ಕೇಳಿಸುತ್ತಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುವುದು, ನಡುನಡುವೆ ಪ್ರಾರ್ಥನೆಯ ಗುಣುಗು... ಅಪ್ಪ ಗೋಡೆಗೆ ಬೆನ್ನು ಮಾಡಿ ಕುಳಿತಿರುತ್ತಿದ್ದ.

ಆರನೆಯ ದಿನ ಸಂಜೆ ಅವಳು ಮತ್ತೆ ನಮ್ಮ ಮನೆಗೆ ಬಂದಳು. ಈ ಸಲ ಏನನ್ನೂ ಕೇಳಲಿಲ್ಲ. “ಅಣ್ಣಾರ, ನಿಮಗೋಸ್ಕರ ಪ್ರಾರ್ಥನಿ ಮಾಡ್ಲೇನ್ರಿ?” ಎಂದಳು. ಅವ್ವ ದೇವರ ಜಗುಲಿಯ ಕಡೆ ಒಮ್ಮೆ ನೋಡಿ, ಆಮೇಲೆ ತಾನೇ ಚಾಪೆ ಹಾಸಿದಳು. ಅಕ್ಕ ಮೊಣಕಾಲೂರಿ ಕುಳಿತಳು. ಶಾಪ ಹಾಕುತ್ತಾಳೆ ಎಂದು ನಾನು ಕಾದಿದ್ದೆ. “ದೇವರೇ, ಈ ಅಣ್ಣ ಕೆಟ್ಟಾವಲ್ಲ. ನನ್ನಂಗನ ಹೆದರ್ಯಾನ. ನನಗ ಕೊಟ್ಟಿದ್ದನ್ನ ಇವಗೂ ಸ್ವಲ್ಪ ಕೊಡು” ಎಂದಳು. ಅಷ್ಟೇ. ಅಪ್ಪ ಎದ್ದು ಹಿತ್ತಲಿಗೆ ಹೋದ.

ಅಷ್ಟಾದರೂ ಅಪ್ಪ ಇನ್ನೂ ಎರಡು ದಿನ ಸುಮ್ಮನಿದ್ದ.

ಒಂಬತ್ತನೆಯ ದಿನ ಅಧಿಕಾರಿಯೊಬ್ಬರ ಜೀಪು ಗೇಟಿಗೆ ಬಂತು. ಗೇಟಿನಲ್ಲಿ ನಿಲ್ಲುವ ಹೆಂಗಸಿನ ಸುದ್ದಿ ಸಂಡೂರಿನ ತನಕ ಹಬ್ಬಿತ್ತು. ಗುತ್ತಿಗೆದಾರ ಹಾಜರಿ ಪುಸ್ತಕ ತರಿಸಿದ. ತಂದವನು ಅಪ್ಪ. ಪುಸ್ತಕವನ್ನು ಅಧಿಕಾರಿಯ ಕೈಗೆ ಕೊಡುತ್ತಾ ಅಪ್ಪ ಹೇಳಿದ: “ಸಾಹೇಬ್ರ, ಇದು ಸುಳ್ಳು ಹಾಳಿ. ಆತ ಒಳಗ ಅದಾನ. ಹೆಸರು ಬರಕೊಂಡಾವ ನಾನ.”

ಎರಡು ದಿನ ಅಗೆದರು. ಯಂತ್ರ ಸಿಕ್ಕಿತು. ಅದರ ಕ್ಯಾಬಿನ್ ಜಜ್ಜಿಹೋಗಿರಲಿಲ್ಲ. ಬಾಗಿಲು ತೆರೆಯದ ಹಾಗೆ ಮಣ್ಣು ಒತ್ತಿತ್ತು, ಅಷ್ಟೇ. ಅವನ ಕಾಲ ಬಳಿ ಊಟದ ಡಬ್ಬಿ ಇತ್ತು. ಗುಡ್ಡೆ ಕುಸಿದದ್ದು ಬೆಳಿಗ್ಗೆ ಹತ್ತಕ್ಕೆ, ಡಬ್ಬಿ ಮಧ್ಯಾಹ್ನದ್ದು. ಅದು ಖಾಲಿಯಾಗಿತ್ತು. ನೀರಿನ ಕ್ಯಾನು ಕೂಡ. ಊಟ ಮಾಡಿ, ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಟ್ಟಿದ್ದ...

ಎಷ್ಟು ತಾಸು ಬದುಕಿದ್ದ, ಎಷ್ಟು ದಿನ ಬದುಕಿದ್ದ ಎಂದು ಯಾರೂ ಕೇಳಲಿಲ್ಲ. ಅಕ್ಕ ಡಬ್ಬಿಯನ್ನು ತೆರೆದು ನೋಡಿ ಮುಚ್ಚಿದಳು. ಆಮೇಲೆ ಅಪ್ಪನ ಕಡೆ ನೋಡಿದಳು.

ಮಣ್ಣು ಕೊಟ್ಟ ಮೇಲೆ ಅವಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಪ್ಪನ ಕೆಲಸ ಹೋಯಿತು. ನಾವು ಹೊಸಪೇಟೆಗೆ ಹೊರಟ ದಿನ ನಾನೊಬ್ಬಳೇ ಅವಳ ಮನೆಗೆ ಹೋದೆ. “ನಿಮ್ಮಪ್ಪನ ಮುಖ ನೋಡಿದ್ರ ಆ ಡಬ್ಬಿ ಕಾಣತೈತವ್ವ” ಎಂದಳು. “ಕ್ಷಮಿಸಬೇಕು ಅಂತ ನನಗ ಗೊತ್ತೈತಿ. ಬಾಯಿಲೆ ಅಂದುಬಿಡಬೌದು. ಒಳಗಿಂದ ಬರವಲ್ದು. ದಿನಾ ಕೇಳಾಕತ್ತೀನಿ, ಇವತ್ತರ ಕೊಡು ಅಂತ.” ಅಂದು ನಾನು ಅವಳ ಮನೆಯ ನೀರು ಕೇಳಿ ಕುಡಿದೆ.

ಹೊಸಪೇಟೆಯಲ್ಲಿ ನನಗೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಪ್ಪ ಬೇರೆ ಕೆಲಸ ಹುಡುಕಲಿಲ್ಲ. ಊಟಕ್ಕೆ ಕುಳಿತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ. ಆರು ವರ್ಷದ ಮೇಲೆ ಅವನಿಗೆ ಲಕ್ವ ಹೊಡೆದು ಮಾತು ನಿಂತಿತು. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ. ತಲೆ ಪೂರ್ತಿ ಬೆಳ್ಳಗಾಗಿತ್ತು. ಯಾರಿಂದಲೋ ಸುದ್ದಿ ತಿಳಿದು ಸಂಡೂರು ಬಸ್ಸಿಗೆ ಬಂದಿದ್ದಳು. ನೇರ ಒಳಗೆ ಹೋಗಿ ಮಂಚದ ಪಕ್ಕ ಕುಳಿತು ಅಪ್ಪನ ಸೊಟ್ಟಗಾದ ಕೈ ಹಿಡಿದಳು.

“ಅಣ್ಣಾರ, ನಿಮಗ ಒಂಬತ್ ದಿನ ಹಿಡೀತು. ನನಗ ಆರು ವರ್ಷ ಹಿಡೀತ್ರಿ. ತಡ ಆತು, ತಪ್ಪು ತಿಳ್ಕೋಬ್ಯಾಡ್ರಿ.”

ಅಪ್ಪನ ಕಣ್ಣಿಂದ ನೀರು ಇಳಿದು ದಿಂಬು ತೊಯ್ಯಿತು. ಅವಳು ಗಂಜಿ ತರಿಸಿ ಚಮಚದಲ್ಲಿ ಕುಡಿಸಿದಳು. ಅರ್ಧಕ್ಕೆ ಬಾಯಿ ಮುಚ್ಚಿಕೊಂಡಾಗ, “ಪೂರಾ ಉಣ್ರಿ” ಎಂದಳು. ಅಪ್ಪ ಉಂಡ. ಮೂರು ದಿನ ಇದ್ದು, ಮೈ ಒರೆಸಿ, ಬಟ್ಟೆ ಬದಲಿಸಿ ಹೋದಳು. ಅದೇ ತಿಂಗಳು ಅಪ್ಪ ತೀರಿಕೊಂಡ.

ಆಮೇಲೆ ನಾನು ಅವಳನ್ನು ನೋಡಲು ಹೋಗಲೇ ಇಲ್ಲ. ಶಾಲೆ, ಮದುವೆ, ಮಕ್ಕಳು ಎಂದು ನೆಪಗಳಿದ್ದವು. ನಿಜವಾಗಿ ನಾಚಿಕೆ ಇತ್ತು. ಬಟ್ಟೆ ಅಂಗಡಿಯಿಂದ ಬಂದ ಮರುಭಾನುವಾರ ಯಶವಂತನಗರದ ಬಸ್ಸು ಹತ್ತಿದೆ. ಸಾಲುಮನೆಗಳಲ್ಲಿ ಗುರುತಿನವರು ಯಾರೂ ಉಳಿದಿರಲಿಲ್ಲ. ಪ್ರಾರ್ಥನಾ ಮಂದಿರದಲ್ಲಿ ವಿಚಾರಿಸಿದೆ. ಅಕ್ಕ ಎರಡು ವರ್ಷದ ಹಿಂದೆಯೇ ಹೋಗಿದ್ದಳು. ಉಸಿರಿನ ಕಾಯಿಲೆ. ಗಂಡನ ಪಕ್ಕದಲ್ಲೇ ಇಟ್ಟಿದ್ದಾರಂತೆ.

ನಾನು ಟೈಮ್‌ಕೀಪರನ ಮಗಳು ಎಂದಾಗ ಅಲ್ಲಿದ್ದ ಮುದುಕಿಯೊಬ್ಬಳು ನನ್ನ ಗಲ್ಲ ಮುಟ್ಟಿದಳು. “ನಿಮ್ಮಪ್ಪ ಭಾಳ ಧೈರ್ಯಸ್ಥರು ಅಂತ ಆಕಿ ಸಾಯೋತನ ಹೇಳ್ತಿದ್ಲವ್ವ. ಎಲ್ಲಾರೂ ಬಾಯಿ ಮುಚ್ಚಿಕೊಂಡಿದ್ದಾಗ ಅವರೊಬ್ರ ಖರೇ ಹೇಳಿದ್ರಂತ.”

ಮೊದಲ ಸಂಜೆ ಅವಳು ನಮ್ಮ ಬಾಗಿಲಿಗೆ ಬಂದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ಕೊಟ್ಟ ಉತ್ತರವನ್ನೂ ಹೇಳಿರಲಿಲ್ಲ. ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡು ಅದನ್ನು ತನ್ನ ಜೊತೆಗೇ ಒಯ್ದಿದ್ದಳು. ಅಪ್ಪನಿಲ್ಲ, ಅವ್ವನೂ ಇಲ್ಲ; ಈಗ ಅದನ್ನು ಬಲ್ಲವಳು ನಾನೊಬ್ಬಳೇ.

ಮುದುಕಿಗೆ ಹೌದು ಎಂದು ತಲೆಯಾಡಿಸಿ ಬಂದುಬಿಡಬಹುದಿತ್ತು. ಬೆಂಚಿನ ಮೇಲೆ ಅವಳ ಪಕ್ಕ ಕುಳಿತೆ. “ಹಂಗಲ್ಲಜ್ಜಿ” ಎಂದು ಶುರುಮಾಡಿ, ಬಾಗಿಲ ಹಿಂದೆ ನಿಂತು ನಾನು ಕೇಳಿದ್ದನ್ನೆಲ್ಲ, ಕೇಳಿಯೂ ಬಾಯಿ ಬಿಡದೆ ಉಳಿದದ್ದನ್ನೂ ಹೇಳಿದೆ. ಯಾರ ಮುಂದೆ ಹೇಳಬೇಕಿತ್ತೋ ಅವಳು ಇರಲಿಲ್ಲ.