ಹುರುಳಿಕಟ್ಟಿನ ಬಟ್ಟಲು

ಸೇಡಂ ಪೇಟೆಯ ಬೆಲ್ಲದ ವ್ಯಾಪಾರಿ ನಾಗೇಂದ್ರಪ್ಪನ ಪತ್ನಿ ಶಿವಕಾಂತಮ್ಮನು ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಪತಿಯ ಕೈಯಿಂದ ಪ್ರೀತಿಯೆಂದು ಪಡೆದದ್ದು ಒಂದು ಕಂಚಿನ ಬಟ್ಟಲನ್ನು ಮಾತ್ರ. ಅದರೊಳಗಿದ್ದುದು ಉಪ್ಪಿಲ್ಲದ ಹುರುಳಿಕಟ್ಟು.

ಮಹಾಯುದ್ಧದ ನಡುವಿನ ಒಂದು ಮಾಘದಲ್ಲಿ ಅವಳಿಗೆ ವಿಷಮಜ್ವರ ಬಂದಿತ್ತು. ಬದುಕಿದರೆ ಶ್ರಾವಣದಲ್ಲಿ ಅವಳ ತೂಕದಷ್ಟು ಬೆಲ್ಲವನ್ನು ಮಠದ ದಾಸೋಹಕ್ಕೆ ಅರ್ಪಿಸುವೆನೆಂದು ನಾಗೇಂದ್ರಪ್ಪ ಬಂಧುಗಳೆದುರು ಹರಕೆ ಹೊತ್ತನು. ಅವಳು ಬದುಕಿದಳು. ಜ್ವರ ಬಿಟ್ಟ ಮೇಲಿನ ಹಸಿವು ದೊಡ್ಡದು. ಯುಗಾದಿಯ ಹೊತ್ತಿಗೆ ಅವಳ ಮೈ ಮೊದಲಿಗಿಂತಲೂ ತುಂಬಿಕೊಂಡಿತು. ಅದೇ ವೇಳೆಗೆ ಪೇಟೆಯಲ್ಲಿ ಬೆಲ್ಲ ಸಿಗದಂತಾಯಿತು.

ಆಗಲೇ ಪತಿಗೆ ಅವಳ ಆರೋಗ್ಯದ ಚಿಂತೆ ಹತ್ತಿದ್ದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಹೇಳಿ ಆಡಕಿಯ ವೈದ್ಯ ಮಡಿವಾಳಯ್ಯನವರನ್ನು ಕರೆಸಿದನು. ಜ್ವರದಿಂದ ಎದ್ದವರ ಮೈ ತುಂಬುವುದು ಶುಭವೆಂದು ಅವರು ಹೇಳಿದರೂ ಬಿಡಲಿಲ್ಲ. ಕೊನೆಗೆ ಅವರು ಬೆಳಿಗ್ಗೆ ಹುರುಳಿಕಟ್ಟು, ಸಂಜೆ ಬಿಸಿನೀರಿನಲ್ಲಿ ಜೇನು, ಊಟಕ್ಕೆ ನವಣೆಯ ಗಂಜಿ, ಮಲಗುವ ಮುನ್ನ ಚಿಂಚೋಳಿ ಕಾಡಿನ ಅಳಲೆ, ತಾರೆ, ನೆಲ್ಲಿಗಳ ಚೂರ್ಣ ಎಂದು ವಿಧಿಸಿ ಹೋದರು. ಲಿಂಗಪೂಜೆ ಮುಗಿಸಿ ಎದ್ದವಳ ಕೈಗೆ ನಾಗೇಂದ್ರಪ್ಪನೇ ದಿನವೂ ಬಟ್ಟಲನ್ನಿಡುತ್ತಿದ್ದನು, ಬರಿದಾಗುವವರೆಗೂ ನಿಂತಿರುತ್ತಿದ್ದನು.

ನೆರೆಮನೆಯ ಮಹಾದೇವಮ್ಮ ಕೆಣಕಿದಳು: "ಇಪ್ಪತ್ತು ವರ್ಷಕ್ಕ ನಿನ್ನ ಗಂಡಗ ಮನ್ಯಾಗೊಬ್ಬಾಕಿ ಹೆಂಡತಿ ಇದ್ದದ್ದು ನೆನಪಾಗ್ಯಾದ ನೋಡವ್ವಾ."

ಶಿವಕಾಂತಮ್ಮ ನಕ್ಕಳು. ಆ ಮಾತು ನಿಜವೆಂದೇ ಅವಳು ನಂಬಿದ್ದಳು. ತಲೆ ಸುತ್ತಿದರೂ, ಬಳೆಗಳು ಮೊಣಕೈವರೆಗೆ ಜಾರಿದರೂ ಒಂದು ದಿನವೂ ಬಟ್ಟಲನ್ನು ಹಿಂದಿರುಗಿಸಲಿಲ್ಲ.

ಶ್ರಾವಣದ ಕಡೆಯ ಸೋಮವಾರ ಬಂದಿತು. ಅವಳು ಒಳಗೆ ಚೂರ್ಣ ಅರೆಯುತ್ತಿದ್ದಾಗ, ಅಂಗಳದಲ್ಲಿ ಬಂಡಿಗೆ ಬೆಲ್ಲ ಏರಿಸುತ್ತಿದ್ದ ಅಂಗಡಿಯ ತೂಕದಾಳು ಮಶಾಕನೊಡನೆ ಪತಿ ಆಡಿದ ಮಾತು ಕೇಳಿಸಿತು.

"ಯುಗಾದಿಗಿ ತೂಗಿದ್ರ ಹದಿನಾಲ್ಕು ಪೆಂಟಿ ಬೆಲ್ಲ ಹೋಗ್ತಿತ್ತು. ಈಗ ಹನ್ನೆರಡು ಸಾಕು. ಆಡಕಿ ಐನೋರ ಔಷಧದಾಗ ಭಾಳ ಗುಣ ಅದ."

"ಅವ್ವಾರ ಮಾರಿಮ್ಯಾಲಿನ ಕಳಾನೇ ಹೋಗ್ಯಾದಲ್ಲರಿ, ಸಾವಕಾರ್ರ."

"ಕಳಾ ಏನು ತಕ್ಕಡಿಗಿ ಬರ್ತದೇನು? ಏರ್ಸು, ಏರ್ಸು."

ಅರೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಬಳಿಕ ಅವಳು ಹಸಿರು ಸೀರೆಯುಟ್ಟು, ಅಕ್ಕಿ ಕೊಬ್ಬರಿಗಳಿಂದ ಉಡಿ ತುಂಬಿಸಿಕೊಂಡು, ಎರಡೂ ಕೈಗಳಿಂದ ಮಡಿಲನ್ನು ಆತುಕೊಂಡು ಬಂಡಿ ಹತ್ತಿದಳು. ತುಂಬಿದ ಉಡಿಯನ್ನು ಬಿಚ್ಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಮಠದಲ್ಲಿ ಹುಗ್ಗಿಗಾಗಿ ಬಡವರ ಪಂಕ್ತಿ ಕಾದು ಕುಳಿತಿತ್ತು. ತಕ್ಕಡಿಯ ಎದುರು ತಟ್ಟೆಗೆ ಬೆಲ್ಲದ ಹನ್ನೆರಡು ಪೆಂಟೆಗಳನ್ನಿಟ್ಟರೂ ಅವಳು ಕುಳಿತ ತಟ್ಟೆ ನೆಲ ಬಿಡಲಿಲ್ಲ. ನಾಗೇಂದ್ರಪ್ಪ ತಕ್ಕಡಿಯ ಸರಪಳಿಯನ್ನು ಪರೀಕ್ಷಿಸಿದನು, ಮಶಾಕನನ್ನು ಗದರಿದನು. ಕಾಯುತ್ತೇವೆಂದು ಸ್ವಾಮಿಗಳು ಶಾಂತವಾಗಿ ಹೇಳಿದರು. ಬಂಡಿ ಅಂಗಡಿಗೆ ಹೋಗಿ ಮರಳಿತು. ಹದಿನಾಲ್ಕನೆಯ ಪೆಂಟೆಗೆ ತಕ್ಕಡಿ ಸಮನಾಯಿತು.

ಕೆಳಗಿಳಿದ ಶಿವಕಾಂತಮ್ಮ ಉಡಿಯಿಂದ ಚೂರ್ಣ ಅರೆಯುವ ಗುಂಡುಕಲ್ಲನ್ನು ತೆಗೆದು ಪತಿಯ ಪಾದಗಳ ಬಳಿ ಇಟ್ಟಳು.

"ಇದರಾಗ ನೀವು ಅರೆಸಿದ್ದು ನನ್ನ ಮೈನೇರಿ," ಎಂದಳು. "ಯುಗಾದಿಗಿ ನಾ ಇದ್ದಷ್ಟು ತೂಕ ಇವತ್ತು ಮಠಕ್ಕ ಮುಟ್ಟಿತು."

ಆ ಮಧ್ಯಾಹ್ನ ಪಂಕ್ತಿಗೆ ಬಡಿಸಿದ ಹುಗ್ಗಿ ಎಂದಿಗಿಂತ ಸಿಹಿಯಾಗಿತ್ತಂತೆ. ಅವಳು ಅದನ್ನು ಬಾಯಿಗೆ ಹಾಕಲಿಲ್ಲ.

ಮರುದಿನ ಲಿಂಗಪೂಜೆ ಮುಗಿಸಿ ಎದ್ದಾಗ ಅಭ್ಯಾಸಬಲದಿಂದ ಅವಳ ಬಲಗೈ ಮುಂದೆ ಚಾಚಿತು. ಪತಿ ಅಂಗಡಿಗೆ ಹೋಗಿಯಾಗಿತ್ತು. ಬಟ್ಟಲು ಗೋಡೆಯ ಗೂಡಿನಲ್ಲಿ ಬೋರಲಾಗಿತ್ತು.