ತೊಳೆದ ಬಾವಿ

ಕಡಲ ಬದಿಯ ಕೇಣಿ ಊರಿನವನೊಬ್ಬ ಐಸ್ ಪೆಟ್ಟಿಗೆ ಹೊತ್ತು ಬಂದರೆ ಬಂಗಡೆ ಹೇಗೆ ಕೊಟ್ಟೆ ಎಂದೇ ಜನ ಕೇಳುವುದು. ನನ್ನ ಕೆಲಸ ನಮ್ಮ ಮನೆಯವರ ತಲೆಗೂ ಇನ್ನೂ ಸರಿಯಾಗಿ ಹೋಗಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ಐಸಿನಲ್ಲಿ ಮೀನಿನ ಬದಲು ನೀರಿಟ್ಟು ಕಳಿಸುವವನು ನಾನೊಬ್ಬನೇ. ಒಂದು ಖಾಸಗಿ ಲ್ಯಾಬಿಗೆ ಮಣ್ಣು, ನೀರಿನ ಮಾದರಿ ತೆಗೆದುಕೊಡುತ್ತೇನೆ.

ಆ ಸಲ ಹೋದದ್ದು ತೋಡೂರಿನ ಕಡೆ. ಹೆದ್ದಾರಿ ಪಕ್ಕದ ಒಂದು ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕ್ ಸೋರಿ, ಕೆಳಗಿನ ಮನೆಗಳ ಬಾವಿಗೆ ವಾಸನೆ ಇಳಿದಿತ್ತು. ಪರೀಕ್ಷೆಯಲ್ಲಿ ಯಾವ ಬಾವಿ ಕೆಟ್ಟಿದೆ ಎಂದು ಬರುತ್ತದೋ ಆ ಮನೆಗೆ ಮಾತ್ರ ಬಂಕಿನವರು ಟ್ಯಾಂಕರ್ ನೀರು ಕೊಡಬೇಕು ಎಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಬಂಕಿನ ಹಿಂದೆ ಮಣ್ಣು ಕೊರೆಸಿದೆ. ಆಳಕ್ಕೆ ಹೋದಂತೆ ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗಿತು. ಮೂಗಿಗೆ ಹಿಡಿಯುವುದೇ ಬೇಡ, ನಿಂತಲ್ಲೇ ವಾಸನೆ ಹೊಡೆಯುತ್ತಿತ್ತು. ಆಮೇಲೆ ಬಾವಿಗಳು.

ಕೊನೆಯ ಮನೆಯ ಅಕ್ಕ ದಾರಿ ಕಾಯುತ್ತಿದ್ದಳು. ಹಿಂದೆ ನೌಕಾನೆಲೆಗೆ ಜಾಗ ಬಿಟ್ಟು ಅರ್ಗಾದಿಂದ ಎದ್ದು ಬಂದ ಕುಟುಂಬ. ಮಗ, ಸೊಸೆ ಕೂಲಿಗೆ ಹೋದರೆ ಮನೆಯಲ್ಲಿ ಅವಳು ಮತ್ತು ಪುಟ್ಟ ಮೊಮ್ಮಗಳು. ನೀರು ಕೆಟ್ಟಿದೆ ಎಂದು ಎಲ್ಲರಿಗಿಂತ ಮೊದಲು ಬಾಯಿ ಮಾಡಿದವಳು ಇವಳೇ ಎಂದು ಅಕ್ಕಪಕ್ಕದವರು ಹೇಳಿದ್ದರು.

ಬಾವಿಯ ಹತ್ತಿರ ಹೋದೆ. ಕಟ್ಟೆಗೆ ಹೊಸ ಸುಣ್ಣ. ಸುತ್ತ ಸೆಗಣಿ ಸಾರಿಸಿ ಶೇಡಿ ಮಣ್ಣಿನಲ್ಲಿ ರಂಗೋಲಿ ಎಳೆದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡಪಾನ ಬಿಸಿಲಿಗೆ ಹೊಳೆಯುತ್ತಿತ್ತು. ಒಳಗೆ ಬಗ್ಗಿದರೆ ಬರೀ ಬ್ಲೀಚಿಂಗ್ ಪುಡಿಯ ವಾಸನೆ.

"ಅಕ್ಕಾ, ಬಾವಿಗೆ ಎಂತಾ ಮಾಡಿದ್ರಿ?"

"ತೊಳ್ಸಿದೆ ತಮಾ. ನಿನ್ನೆ ಪಂಪ್ ಹಚ್ಚಿ ನೀರೆಲ್ಲ ಖಾಲಿ ಮಾಡ್ಸಿದೆ. ಮಗ ಇಳ್ದು ಕೆಸ್ರು ತೆಗ್ದ. ತಲೆ ತಿರುಗ್ತದೆ ಅಂದ, ನಾ ಬಿಡ್ಲಿಲ್ಲ. ಸರ್ಕಾರದವ್ರು ನೋಡೂಕೆ ಬತ್ರು ಅಂದ್ರೆ ಗಲೀಜು ಇಡೂಕಾತದ್ಯಾ? ನಾಕು ಜನ ಎಂತಾ ಅಂತ್ರು?"

ನಾನು ಸರ್ಕಾರದವನಲ್ಲ, ಅದು ಬೇರೆ ಮಾತು. ಯಾರೋ ಬರುತ್ತಾರೆಂದರೆ ನಮ್ಮ ಕಡೆ ಮೊದಲು ಪೊರಕೆ ಕೈಗೆ ಬರುತ್ತದೆ. ನನ್ನ ಅವ್ವಿಯೂ ಇದನ್ನೇ ಮಾಡುತ್ತಿದ್ದಳು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ತೇಲುತ್ತಿದ್ದ ಎಣ್ಣೆಯನ್ನೆಲ್ಲ ಪಂಪು ಹೊರಗೆ ಚೆಲ್ಲಿತ್ತು. ಕೆಲವು ದಿನ ಕಳೆದರೆ ಒರತೆಯ ಜೊತೆ ಅದು ಮತ್ತೆ ಬರುವುದು ಖಂಡಿತ.

ಲ್ಯಾಬಿನ ಸಾಹೇಬರಿಗೆ ಅಲ್ಲಿಂದಲೇ ಫೋನ್ ಮಾಡಿ, ಈ ಬಾವಿಗೆ ಆಮೇಲೆ ಇನ್ನೊಮ್ಮೆ ಬರುತ್ತೇನೆ ಎಂದೆ. "ನಮಗೆ ಕೊಟ್ಟಿದ್ದು ಒಂದೇ ಸುತ್ತಿನ ಕೆಲಸ. ಇದ್ದದ್ದನ್ನು ತುಂಬಿಕೊಂಡು ಬಾ" ಎಂದರು. ತುಂಬಿದೆ. ಕಂದು ಗಾಜಿನ ಬಾಟಲಿಗೆ ಬಾಯಿಮಟ್ಟ, ಒಂದು ಗಾಳಿಗುಳ್ಳೆಯೂ ಉಳಿಯದ ಹಾಗೆ. ಅಷ್ಟು ಅಚ್ಚುಕಟ್ಟಾಗಿ ನಾನು ತುಂಬಿಕೊಂಡದ್ದು ಸುಳ್ಳನ್ನು. ಬಾವಿ ತೊಳೆದಿದ್ದಾರೆ ಎಂದು ಷರಾ ಬರೆದೆ. ಫಲಿತಾಂಶದ ಹಾಳೆಯಲ್ಲಿ ಷರಾಕ್ಕೆ ಜಾಗವಿರಲಿಲ್ಲ.

ಆ ಸಾಲಿನಲ್ಲಿ ಪಾಸಾದದ್ದು ಅವಳ ಬಾವಿ ಒಂದೇ. ಟ್ಯಾಂಕರ್ ಬರಲು ಶುರುವಾದ ಮೇಲೆ ಅವಳ ಫೋನ್ ಬಂತು.

"ತಮಾ, ಟ್ಯಾಂಕರ್‌ನವ ನಮ್ಮನೆ ಬಾಗ್ಲಿಗೆ ನಿಲ್ಸುದೇ ಇಲ್ಲ. ಕೇಳ್ದ್ರೆ ನಿಮ್ದು ಪಾಸು ಅಂತ. ವಾಸ್ನೆ ತಿರ್ಗಾ ಬಂದದೆ ಮಾರಾಯಾ."

ಆದದ್ದನ್ನು ವಿವರಿಸಿದೆ.

"ಹಾಂಗಾರೆ ನಾ ತೊಳ್ಸಿದ್ದೇ ತಪ್ಪಾಯ್ತಾ? ಇನ್ನೊಂದ್ ಸಲ ಬಾ ತಮಾ. ಈ ಸಲ ಮುಟ್ಟುದಿಲ್ಲ."

"ನೋಡ್ವ ಅಕ್ಕಾ" ಎಂದೆ. ನಮ್ಮ ಕಡೆ ಇಲ್ಲ ಎನ್ನಲಾಗದವರು ಹೇಳುವ ಮಾತು ಅದು. ಅವಳು ಅದನ್ನು ಬರುತ್ತೇನೆ ಎಂದೇ ತಿಳಿದಳು. ನಾನು ಸಾಹೇಬರನ್ನು ಕೇಳಿದೆ, ಈ ಪರೀಕ್ಷೆ ಮಾಡಿಸಿದ ಕಾರವಾರದ ಸರ್ಕಾರಿ ಕಚೇರಿಗೂ ಹೋಗಿ ಕೇಳಿದೆ. ಪಾಸಾದ ಬಾವಿಗೆ ಮತ್ತೆ ಪರೀಕ್ಷೆ ಯಾಕೆ ಎಂದು ಎರಡೂ ಕಡೆ ನಕ್ಕರು. ಅದನ್ನು ಅವಳಿಗೆ ಹೇಳಲು ಫೋನ್ ಕೈಗೆತ್ತಿಕೊಂಡವನು ಪ್ರತಿ ಸಲವೂ ಹಾಗೇ ಕೆಳಗಿಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ, ಮನಸ್ಸು ತಡೆಯದೆ ಬೈಕ್ ಒಳಗೆ ತಿರುಗಿಸಿದೆ. ಕಟ್ಟೆಯ ಸುಣ್ಣ ಹಸಿರುಗಟ್ಟಿತ್ತು. ನೀರಿನ ಮೇಲೆ ಎಲೆ, ಕಸ, ಅದರ ನಡುವೆ ಬಣ್ಣಬಣ್ಣದ ಪೊರೆ. ನನ್ನನ್ನು ಕಂಡದ್ದೇ ಅಕ್ಕ ಓಡಿಬಂದಳು.

"ಬಂದ್ಯಾ ತಮಾ! ನೋಡು, ಮುಟ್ಟೇ ಇಲ್ಲ. ನೀರು ತುಂಬೂ ಹಬ್ಬಕ್ಕೂ ಬಾವಿ ತೊಳಿಲಿಲ್ಲ. ನೀ ಬತ್ತೆ ಅಂತ ಹಾಂಗೇ ಇಟ್ಟಿದೆ. ಈಗ ಭರ್ತಿ ಚಿಮಣಿ ಎಣ್ಣೆ ವಾಸ್ನೆ."

ಅವಳಿಗೆ ಖುಷಿಯಾಗಿತ್ತು. ಬಾಗಿಲಲ್ಲಿ ಮೊಮ್ಮಗಳು ಲೋಟ ಹಿಡಿದು ನೀರು ಕುಡಿಯುತ್ತಿದ್ದಳು.

"ಅದು ಎಲ್ಲಿ ನೀರು ಅಕ್ಕಾ?"

"ಇದ್ರದ್ದೇ. ಮತ್ತೆಲ್ಲಿಂದ ತರೂದು? ಕುದ್ಸಿ ಕೊಡ್ತೆ." ಅವಳು ಆಗಲೇ ಕೊಡಪಾನ ಬಾವಿಗೆ ಇಳಿಸುತ್ತಿದ್ದಳು. ಹಗ್ಗ ಎಳೆಯುತ್ತ ತಿರುಗಿ ನನ್ನ ಕೈ ನೋಡಿದಳು.

"ಬಾಟ್ಲಿ ಎಲ್ಲಿ ಅದೆ ತಮಾ?"